ಬಂಡೆಯ ಮೇಲಿನ ಅರಿಶಿನ

ನಾನು ನಿಂತಿದ್ದದ್ದು ಜರ್ಮನಿಯ ನಮ್ಮ ಹಳ್ಳಿಯ ಗಾಸ್ಟ್‌ಹೌಸ್ ಎಂಬ ಊಟದ ಹೋಟೆಲಿನ ಹಿಂದಿನ ಕೋಣೆಯಲ್ಲಿ, ಕೋಟುಗಳನ್ನು ನೇತುಹಾಕುವ ಗೋಡೆಗೆ ಬೆನ್ನು ಕೊಟ್ಟು. ದೀಪದ ಸ್ವಿಚ್ಚು ನನ್ನ ಎಡ ಭುಜದ ಪಕ್ಕದಲ್ಲಿತ್ತು. ನನಗೆ ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಸಿಕ್ಕ ಐದನೆಯ ವರ್ಷದ ನವೆಂಬರ್, ಗುರುವಾರ, ಸಂಜೆ ಏಳು ದಾಟಿತ್ತು. ಕೋಣೆಯ ನಡುವಿನ ಮೇಜಿನ ಮೇಲೆ ಸುಣ್ಣಕಲ್ಲಿನ ಒಂದು ಚಪ್ಪಡಿ, ಮೇಜಿನ ಆಚೆ ಬದಿಯಲ್ಲಿ ಅದನ್ನು ತಂದ ಮನುಷ್ಯ. ನನಗೂ ಆ ಕಲ್ಲಿಗೂ ನಡುವೆ ಅಡ್ಡವಾಗಿ ಯಾರೂ ಇರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾನು ಕಂಡದ್ದು ಜನರ ತಲೆಗಳ ಸಂದಿಯಿಂದ ಅಲ್ಲ.

ಅದು ಪಳೆಯುಳಿಕೆ ಸಂಗ್ರಹಿಸುವವರ ಸಂಘದ ತಿಂಗಳ ಸಭೆ. ಯಾರಾದರೂ ಹೊಸ ಕಲ್ಲು ತಂದರೆ ಕೋಣೆ ಕತ್ತಲು ಮಾಡಿ ಅದರ ಮೇಲೆ ನೇರಳಾತೀತ ದೀಪ ಹಿಡಿಯುವುದು ಅಲ್ಲಿನ ಪದ್ಧತಿ. ಆ ಬೆಳಕಿಗೆ ಹಳೆಯ ಮೂಳೆ ಒಂದು ಬಗೆಯಾಗಿ ಹೊಳೆಯುತ್ತದೆ, ಅಂಟು ಬೇರೆ ಬಗೆಯಾಗಿ, ಬಣ್ಣ ಮತ್ತೊಂದು ಬಗೆಯಾಗಿ. ಇಲ್ಲದ ಮೂಳೆಯನ್ನು ಬಣ್ಣದಲ್ಲಿ ಬರೆದು ಸೇರಿಸಿದವರು ಹೀಗೆ ಸಿಕ್ಕಿಬೀಳುತ್ತಾರೆ. ಆ ದಿನ ಸಂಘದ ಅಧ್ಯಕ್ಷೆ ಹೊಸದಾಗಿ ಕೊಂಡ ದೊಡ್ಡ ದೀಪ ತಂದಿದ್ದರು. ಸ್ವಿಚ್ಚಿನ ಹತ್ತಿರ ಇದ್ದವನು ನಾನಾದ್ದರಿಂದ ನನಗೇ ಹೇಳಿದರು, "ಲೈಟ್ ಆರಿಸ್ತೀರಾ?"

ಆರಿಸಿದೆ.

ಮೊದಲು ಮೂಳೆಗಳು ಕಂಡವು. ನೀಲಿ ಬೆರೆತ ಬಿಳುಪಿನಲ್ಲಿ ಒಂದು ಉದ್ದನೆಯ ಬೆನ್ನೆಲುಬು, ಎರಡು ಬಾರಿ ಬಳುಕಿ, ಸಣ್ಣ ತಲೆಯಲ್ಲಿ ಮುಗಿಯುತ್ತಿತ್ತು. ಆಮೇಲೆ ಅಧ್ಯಕ್ಷೆ ದೀಪವನ್ನು ಸ್ವಲ್ಪ ತಗ್ಗಿಸಿದರು. ಬೆನ್ನೆಲುಬಿನುದ್ದಕ್ಕೂ ಹಸಿರು ಬೆರೆತ ಹಳದಿಯ ಬೊಟ್ಟುಗಳು ಎದ್ದವು. ತಲೆಯ ಮೇಲೆ ಕೆಳಗಿನಿಂದ ಮೇಲಕ್ಕೆ ಎಳೆದ ಒಂದು ಗೆರೆ.

"ಅದೇನದು?" ಅಂತ ಯಾರೋ ಕೇಳಿದರು.

"ವಾರ್ನಿಷ್," ಎಂದ ಕಲ್ಲು ತಂದವನು. "ಕಲ್ಲು ಉದುರಬಾರದು ಅಂತ ಅಲ್ಲಲ್ಲಿ ಹಾಕಿದ್ದೇನೆ."

ನನ್ನ ಹೆಂಡತಿ ಕತ್ತಲಲ್ಲಿ ನನ್ನ ತೋಳು ಹುಡುಕಿ ಹಿಡಿದಳು. "ಅಮ್ಮನ ಬೆರಳು," ಅಂದಳು. "ಅದು ಅಮ್ಮನ ಬೆರಳು."

ಆ ಮನುಷ್ಯ ಈಗ ಬದುಕಿಲ್ಲ. ಇಲ್ಲದವನ ಮೇಲೆ ಯಾಕೆ ಹಗೆ ಎಂದು ಕೆಲವರು ನನಗೆ ಬುದ್ಧಿ ಹೇಳಿದ್ದಾರೆ. ಅವನು ಇದ್ದಾಗಲೂ ನಾನು ಹೇಳಿದ್ದು ಇದನ್ನೇ, ಅವನ ಮುಖದೆದುರೇ ಹೇಳಿದ್ದೇನೆ. ಇಲ್ಲಿ ಕಂಡದ್ದನ್ನು ಕಂಡದ್ದು ಎಂದೂ ಕೇಳಿದ್ದನ್ನು ಕೇಳಿದ್ದು ಎಂದೂ ಬೇರೆಬೇರೆಯಾಗಿ ಬರೆಯುತ್ತೇನೆ. ಹಗೆಯನ್ನು ಬಚ್ಚಿಡುವುದಿಲ್ಲ.

ನನ್ನ ಕೆಲಸ ಮ್ಯೂನಿಕ್ ಹತ್ತಿರದ ಗಾರ್ಕಿಂಗ್‌ನಲ್ಲಿ, ಒಂದು ಸಂಶೋಧನಾ ಸಂಸ್ಥೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು. ಐದು ದಿನ ಅಲ್ಲಿನ ಬಾಡಿಗೆ ಫ್ಲ್ಯಾಟು, ಯು-ಬಾನ್ ಮೆಟ್ರೋದ ಕೊನೆಯ ನಿಲ್ದಾಣಗಳ ಕಡೆಯ ಬದುಕು. ಕಾಯಂ ವಾಸದ ಪರವಾನಗಿ ಸಿಕ್ಕ ಮೇಲೆ ನಾವಿಬ್ಬರೂ ಆಲ್ಟ್‌ಮ್ಯೂಲ್ ನದಿಯ ಕಣಿವೆಯಲ್ಲಿ ಒಂದು ಹಳೆಯ ರೈತಮನೆ ಕೊಂಡೆವು. ನಮ್ಮ ಮಂಗಳೂರಿನ ಗೆಳೆಯರು ನಕ್ಕರು. "ಎಲ್ಲರೂ ಮ್ಯೂನಿಕ್ಕಿನಲ್ಲಿ ಒಂದು ಬಾಲ್ಕನಿಗೆ ಸಾಯ್ತಾರೆ, ನೀನು ಗುಡ್ಡ ತಕ್ಕೊಂಡೆಯಲ್ಲ ಮಾರಾಯ!" ನೋಟರಿಯ ಕಚೇರಿಯಲ್ಲಿ ಕ್ರಯಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದರು, ಅದು ಇಲ್ಲಿನ ಕಾನೂನು. ಮನೆ, ಅಂಗಳ, ಹುಲ್ಲುಗಾವಲು ಎಂದು ಓದುತ್ತಾ ಕೊನೆಯ ತುಂಡಿಗೆ ಬಂದಾಗ 'ಉನ್‌ಲಾಂಡ್' ಎಂದು ಓದಿದರು. ಯಾವುದಕ್ಕೂ ಬಾರದ ನೆಲ ಎಂದರ್ಥ. ಮನೆಯ ಹಿಂದಿನ ಕಡಿದಾದ ಬಂಡೆಗೋಡೆ, ಅದರ ಬುಡದ ಪಾಳುಬಿದ್ದ ಸಣ್ಣ ಕೋರೆ, ಅಷ್ಟೂ ಆ ಮಾತಿನೊಳಗೆ ಬರುತ್ತಿತ್ತು.

ನಾವು ಆ ಮನೆ ಕೊಂಡದ್ದೇ ಆ ತುಂಡಿಗಾಗಿ. ನಮ್ಮ ಕಡೆಯ ಕೆಂಪು ಮುರಕಲ್ಲಿನಲ್ಲಿ ಯಾವ ಜೀವದ ಗುರುತೂ ಇರುವುದಿಲ್ಲ. ಬರೀ ತೂತು, ತೂತಿನಲ್ಲಿ ಇರುವೆ. ಇಲ್ಲಿನ ಬಂಡೆ ಹಪ್ಪಳ ಪೇರಿಸಿಟ್ಟ ಹಾಗೆ ಪದರ ಪದರ. ಮೊದಲ ವಸಂತದಲ್ಲಿ ನಾವು ಶನಿವಾರ ಬೆಳಿಗ್ಗೆ ಬುಡದಿಂದ ಶುರುಮಾಡಿ, ಬಂಡೆಯ ಮೈ ಹಿಡಿದುಕೊಂಡೇ ಪೂರ್ವದ ತುದಿಯವರೆಗೆ ಹೋಗುತ್ತಿದ್ದೆವು. ಮೇಲಕ್ಕೆ ಏರಲು ಒಂದೇ ದಾರಿ, ಕೋರೆಯವರು ಬಿಟ್ಟುಹೋದ ಓರೆ ಜಾಡು. ಅದು ಮಧ್ಯದಲ್ಲಿ ಒಂದು ಜಗಲಿಯಂಥ ಅಂಚಿಗೆ ಮುಟ್ಟುತ್ತಿತ್ತು. ಅಲ್ಲಿ ಕೂತರೆ ಕೆಳಗೆ ನಮ್ಮ ಹೆಂಚಿನ ಮಾಡು, ಅದರಾಚೆ ನದಿ, ನದಿಯಾಚೆ ನೆರೆಯವಳ ಹಸುಗಳು ಕಾಣುತ್ತಿದ್ದವು. ಮೊದಲ ತಿಂಗಳು ಕಲ್ಲಿನ ಮೇಲೆ ಜರೀಗಿಡದಂಥ ಕಪ್ಪು ಚಿತ್ರಗಳನ್ನು ಕಂಡು ಗಿಡದ ಪಳೆಯುಳಿಕೆ ಅಂದುಕೊಂಡು ಬುಟ್ಟಿಗಟ್ಟಲೆ ಮನೆಗೆ ತಂದೆವು. ಅದು ಕಲ್ಲಿನ ಬಿರುಕಿನೊಳಗೆ ಇಳಿದ ಲೋಹದ ಕಲೆ ಎಂದು ಆಮೇಲೆ ಗೊತ್ತಾಯಿತು. ನಿಜವಾದವು ಬೇರೆ ಇದ್ದವು. ಬೆರಳಿನಷ್ಟು ದಪ್ಪದ, ತುದಿ ಚೂಪಾದ ಕಲ್ಲಿನ ಕಡ್ಡಿಗಳು. ಸುರುಳಿ ಸುತ್ತಿದ ಅಮೊನೈಟ್ ಚಿಪ್ಪುಗಳು, ಹೆಚ್ಚಿನವು ಅಪ್ಪಚ್ಚಿಯಾದವು. ಒಮ್ಮೆ ಒಂದು ಸಣ್ಣ ಮೀನು, ಕಣ್ಣಿನ ಗುಳಿ ಸಹಿತ. ಆ ದಿನ ನನ್ನ ಹೆಂಡತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಕೂತವಳು ಊಟಕ್ಕೂ ಏಳಲಿಲ್ಲ.

ಕಡ್ಡಿ ಯಾವುದು ಕಲೆ ಯಾವುದು ಎಂದು ನಮಗೆ ತಿಳಿಸಿಕೊಟ್ಟವನು ಆ ಸಭೆಗೆ ಕಲ್ಲು ತಂದ ಮನುಷ್ಯನೇ. ಹಳ್ಳಿಯ ನಿವೃತ್ತ ಶಾಲಾ ಶಿಕ್ಷಕ. ಮೊದಲ ಸಲ ಬಂದಾಗ ಒಂದು ಬುಟ್ಟಿ ಪ್ಲಮ್ ತಂದಿದ್ದ. ಚಾಣವನ್ನು ಪದರಕ್ಕೆ ಹೇಗೆ ಸಮನಾಗಿ ಹಿಡಿಯಬೇಕು, ಎಷ್ಟು ಹಗುರಾಗಿ ಬಡಿಯಬೇಕು, ಕಲ್ಲು ತೆರೆಯುವ ಮುಂಚೆ ಸದ್ದು ಹೇಗೆ ಬದಲಾಗುತ್ತದೆ ಎಂದೆಲ್ಲ ಹೇಳಿಕೊಟ್ಟ. ನಾವು ಅವನನ್ನು ನಮ್ಮನಮ್ಮೊಳಗೆ ಮೇಷ್ಟ್ರು ಎಂದು ಕರೆಯುತ್ತಿದ್ದೆವು, ಬಹುವಚನದಲ್ಲಿ. ಬಂದಾಗಲೆಲ್ಲ ಬೆಲ್ಲ ನೀರು ಕೊಡುತ್ತಿದ್ದೆವು, ಆಮೇಲೆ ಕಾಫಿ, ಚಕ್ಕುಲಿ. ಬೆಲ್ಲ ಯಾಕೆ ಎಂದು ಒಮ್ಮೆ ಕೇಳಿದ. ದಣಿದು ಬಂದವರಿಗೆ ಕೊಡುವುದು ನಮ್ಮ ಕಡೆಯ ಕ್ರಮ ಎಂದೆ. "ನಾನು ದಣಿದಿಲ್ಲ, ಆದರೂ ಕೊಡಿ," ಎಂದು ನಕ್ಕಿದ್ದ. ಈಗ ಆ ನಗು ನೆನಪಾದರೆ ನನ್ನ ಹಲ್ಲು ಕಚ್ಚಿಕೊಳ್ಳುತ್ತದೆ.

ಮಾರನೆಯ ಬೇಸಿಗೆಗೆ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಮೂರು ತಿಂಗಳ ವೀಸಾದಲ್ಲಿ ಬಂದರು. ಫ್ರಾಂಕ್‌ಫರ್ಟಿನಲ್ಲಿ ಇಳಿದಾಗ ಅವರ ಪೆಟ್ಟಿಗೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಅರಿಶಿನದ ಎಲೆಗಳ ಕಟ್ಟು.

"ಕಸ್ಟಮ್ಸಿನವನು ಹಿಡಿದಿದ್ರೆ ಎಂಥ ಹೇಳ್ತಿದ್ದೆ ಅಮ್ಮ?" ನನ್ನ ಹೆಂಡತಿ ಕೇಳಿದಳು.

"ನಾಗರಪಂಚಮಿ ಉಂಟು, ಎಲೆ ಇಲ್ಲದೆ ಕಡುಬು ಹೇಗೆ ಮಾಡುವುದು ಅಂತ ಅವನನ್ನೇ ಕೇಳ್ತಿದ್ದೆ."

ಆ ಎಲೆಗಳು ಹಬ್ಬದವರೆಗೆ ಉಳಿಯಲಿಲ್ಲ, ವಾರದೊಳಗೇ ಕಡುಬಾದವು. ಅತ್ತೆ ಬೆಳಿಗ್ಗೆ ಬಂಡೆಯ ಬುಡದಲ್ಲಿ ಸೊಪ್ಪು ಹುಡುಕುತ್ತಾ ಓಡಾಡುವುದನ್ನು ಅಭ್ಯಾಸ ಮಾಡಿಕೊಂಡರು. ಒಂದು ಶನಿವಾರ ಆ ಓರೆ ಜಾಡಿನಿಂದ ನನ್ನನ್ನು ಕೂಗಿದರು.

"ಇಲ್ಲಿ ಬಾ ಮಾರಾಯ, ಬೇಗ ಬಾ. ಚಪ್ಪಲಿ ಬಿಟ್ಟು ಬಾ."

ಹೋದೆ. ಆ ಜಗಲಿಯ ಮೂಲೆಯಲ್ಲಿ, ಚಳಿಗಾಲದಲ್ಲಿ ಮೇಲಿನ ಪದರ ಜಾರಿಹೋದ ಕಡೆ, ಹೊಸ ಮೈ ತೆರೆದ ಚಪ್ಪಡಿ. ಅದರ ಮೇಲೆ ಕೈಯುದ್ದದ, ಬಳುಕಿದ ಮೂಳೆಯ ಸಾಲು. ನಾವಿಬ್ಬರೂ ಅದರ ಎದುರು ಎಷ್ಟೋ ಸಲ ಕೂತಿದ್ದೆವು, ಕಂಡಿರಲಿಲ್ಲ. ಅತ್ತೆ ಕಂಡರು.

"ನೋಡು, ಮಲಗಿದ್ದಾನೆ," ಎಂದರು ಸಣ್ಣ ದನಿಯಲ್ಲಿ.

ಹೆಂಡತಿಯೂ ಬಂದಳು. "ಅದು ಹಾವಲ್ಲ ಅಮ್ಮ. ಸಮುದ್ರದ ಹಲ್ಲಿ ಜಾತಿಯದ್ದೇನೋ ಇರ್ಬೇಕು. ಕೋಟಿಗಟ್ಟಲೆ ವರ್ಷ ಹಿಂದಿನದ್ದು."

"ನಿನಗೆ ಕಾಲು ಕಾಣ್ತದಾ?"

"ಇಲ್ಲ."

"ಮತ್ತೆ?"

ಮೇಷ್ಟ್ರನ್ನು ಕರೆಸಿದೆವು. ಅವನು ಮಂಡಿಯೂರಿ ನೋಡಿದ. ಗೇಣು ಹಾಕಿ ಅದರ ಉದ್ದ ಅಳೆದ. ಆಮೇಲೆ, "ಚೆನ್ನಾಗಿದೆ, ಆದರೆ ಅಪರೂಪವೇನಲ್ಲ. ಮುಟ್ಟಬೇಡಿ. ಗೊತ್ತಿರುವವರನ್ನು ನಾನೇ ಕರೆತರುತ್ತೇನೆ," ಎಂದ. ಅವನ ಕುತ್ತಿಗೆ ಕೆಂಪಾಗಿದ್ದದ್ದನ್ನು ನಾನು ಕಂಡೆ. ಬಿಸಿಲಿಗೆ ಎಂದುಕೊಂಡೆ.

ನಾಗರಪಂಚಮಿ ಬಂತು. ನಮ್ಮ ಕಡೆ ಆ ದಿನ ನಾಗನ ಕಲ್ಲಿಗೆ ತನು ಎರೆಯುತ್ತಾರೆ: ಹಾಲು, ಎಳನೀರು, ಮೈತುಂಬ ಅರಿಶಿನ. ಅತ್ತೆ ಎರಡು ದಿನ ಮೊದಲೇ ಹೇಳಿಬಿಟ್ಟಿದ್ದರು, ಮನೆಯ ಹಿಂದೆಯೇ ಅವನು ಇರುವಾಗ ತಾನು ಸುಮ್ಮನೆ ಕೂರುವವಳಲ್ಲ ಎಂದು. ನಾನು ನದಿಯಾಚೆಯ ನೆರೆಯವಳ ಹತ್ತಿರ ಹಾಲಿಗೆ ಹೋದೆ. ಹಸು ಸಾಕುವವಳು, ಗಟ್ಟಿ ಹೆಂಗಸು, ಅತ್ತೆಯನ್ನು ಓಮಾ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದಳು.

"ಇಷ್ಟು ಹಾಲಾ? ಓಮಾಗೆ ಕುಡಿಯೋಕಾ, ಸ್ನಾನಕ್ಕಾ?"

"ಕಲ್ಲಿಗೆ," ಎಂದೆ.

"ಕಲ್ಲಿಗೆ!" ಕ್ಯಾನು ತುಂಬಿಸುತ್ತಾ ಅಂದಳು. "ನನ್ನ ಹಸುಗಳಿಗೆ ಹೇಳಬೇಡಿ. ಬೇಜಾರು ಮಾಡ್ಕೊಳ್ತವೆ."

ಅವಳೂ ನೋಡಲು ಬಂದಳು. ಅತ್ತೆ ಹಾಲೆರೆದರು. ಏಷಿಯನ್ ಅಂಗಡಿಯ ಎಳನೀರಿನ ಡಬ್ಬ ಎರೆದರು. ತೇಯ್ದು ತಂದ ಅರಿಶಿನವನ್ನು ಉಂಗುರದ ಬೆರಳಿನಲ್ಲಿ ಅದ್ದಿ, ಬೆನ್ನಿನುದ್ದಕ್ಕೂ ಬೊಟ್ಟು ಇಟ್ಟುಕೊಂಡು ಹೋದರು. ನಡುವೆ ಚಪ್ಪಡಿಗೆ ಒಂದು ಬಿರುಕಿತ್ತು, ಅಲ್ಲಿ ಬೆರಳೆತ್ತಿ ಆಚೆ ಇಟ್ಟರು. ಬಿರುಕಿಗೆ ಹಚ್ಚಬಾರದಂತೆ. ತಲೆಯ ಕಡೆ ಕೆಳಗಿನಿಂದ ಮೇಲಕ್ಕೆ ಒಂದು ಗೆರೆ ಎಳೆದರು. ನನ್ನ ಹೆಂಡತಿ ಫೋನಿನಲ್ಲಿ ಫೋಟೋ ತೆಗೆದಳು.

ಮೇಷ್ಟ್ರು ಬಂದದ್ದು ಅದೇ ದಿನ ಸಂಜೆ. ಕಲ್ಲು ನೋಡಿದವನು ತಲೆಯ ಮೇಲೆ ಕೈ ಇಟ್ಟುಕೊಂಡ. "ಹಾಲು! ಹಾಲೆಂದರೆ ಆಸಿಡ್. ಸುಣ್ಣಕಲ್ಲಿಗೆ ವಿಷ. ಇದು ಈಗ ಒಳಗಿನಿಂದ ತಿನ್ನಲು ಶುರುಮಾಡುತ್ತದೆ." ಅತ್ತೆಗೆ ಮಾತು ಅರ್ಥವಾಗಲಿಲ್ಲ, ದನಿ ಅರ್ಥವಾಯಿತು. "ಎಂಥ ಹೇಳ್ತಾನೆ?" ಎಂದು ನನ್ನನ್ನು ಕೇಳಿದರು. ನನ್ನ ಹೆಂಡತಿ ಆದಷ್ಟು ಮೆತ್ತಗೆ ಹೇಳಿದಳು. ಅತ್ತೆ ಎರಡು ಬಿಂದಿಗೆ ನೀರು ತಂದು ಕಲ್ಲನ್ನು ತೊಳೆದರು. ಅರಿಶಿನ ಹೋಯಿತೋ, ಆ ಹಳದಿ ಕಲ್ಲಿನ ಬಣ್ಣದಲ್ಲೇ ಸೇರಿಹೋಯಿತೋ, ಕಣ್ಣಿಗಂತೂ ಕಾಣದಾಯಿತು.

ಮರುದಿನ ನಾವು ಮೂವರೂ ಗಾರ್ಕಿಂಗ್‌ಗೆ ಹೋದೆವು. ಶುಕ್ರವಾರ ಸಂಜೆ ತಿರುಗಿ ಬಂದಾಗ ಚಪ್ಪಡಿ ಇರಲಿಲ್ಲ. ಅದು ಇದ್ದ ಕಡೆ ಒಂದು ಗುಳಿ, ಬುಡದಲ್ಲಿ ಕಲ್ಲಿನ ಚೂರುಗಳ ರಾಶಿ. ಮೇಷ್ಟ್ರು ತಾನಾಗಿಯೇ ಬಂದ. ಬುಧವಾರ ಬಂದು ನೋಡಿದಾಗಲೇ ಒಡೆದು ಉದುರಿತ್ತು ಎಂದ. "ನಾನು ಹೇಳಿದ್ದೆ. ಇನ್ನು ಏನೂ ಮಾಡುವ ಹಾಗಿಲ್ಲ," ಎಂದ. ಚೂರುಗಳ ನಡುವೆ ಮೂಳೆಯ ತುಣುಕುಗಳೂ ಇದ್ದವು. ಅವನು ಅವನ್ನು ಒಂದೊಂದಾಗಿ ಎತ್ತಿ ಅತ್ತೆಯ ಅಂಗೈಯಲ್ಲಿ ಇಟ್ಟ. ಇದನ್ನು ನಾನು ಎರಡು ಗಜ ದೂರದಿಂದ ಕಂಡಿದ್ದೇನೆ. ಬೇರೆ ಯಾವುದೋ ಕಲ್ಲಿನ ತುಣುಕುಗಳನ್ನು ಮನೆಯಿಂದ ಜೇಬಿನಲ್ಲಿ ತಂದು, ಅಲ್ಲಿ ಉದುರಿಸಿ, ಮತ್ತೆ ಹೆಕ್ಕಿ, ಒಬ್ಬ ಹೆಂಗಸಿನ ಅಂಗೈಯಲ್ಲಿ ಇಡುವಷ್ಟು ಸಾವಧಾನ ಇದ್ದ ಮನುಷ್ಯ ಅವನು. ಕಲ್ಲು ಕದ್ದದ್ದನ್ನು ನಾನು ಮರೆಯಬಹುದು. ಅದನ್ನು ಮರೆಯುವುದಿಲ್ಲ.

ಅತ್ತೆ ಅಳಲಿಲ್ಲ. ಹೊಸ ರವಿಕೆ ಕಣದಲ್ಲಿ ಆ ಚೂರುಗಳನ್ನು ಕಟ್ಟಿ, ನದಿಗೆ ಇಳಿದು ಬಿಟ್ಟರು. ನಮ್ಮ ಕಡೆಯವರಲ್ಲದವರಿಗೆ ಇದು ಸ್ವಲ್ಪ ಬಿಡಿಸಿ ಹೇಳಬೇಕು. ನಾಗನಿಗೆ ಕೇಡು ಮಾಡಿದರೆ ಆ ದೋಷ ಮನೆಯ ಮಕ್ಕಳ ಮೇಲೆ, ಅದರಲ್ಲೂ ಹುಟ್ಟಬೇಕಾದವರ ಮೇಲೆ ಬೀಳುತ್ತದೆ ಎಂದು ನಂಬಿಕೆ. ಅತ್ತೆ ಊರಿಗೆ ಮರಳಿದವರೇ ಆ ದೋಷ ಕಳೆಯಲು ಆಶ್ಲೇಷಾ ಬಲಿ ಪೂಜೆ ಮಾಡಿಸಿದರು. ತಾಯಿಮನೆಯ ನಾಗಬನಕ್ಕೆ ಹೋಗುವುದನ್ನು ನಿಲ್ಲಿಸಿದರು. "ನನ್ನ ಕೈ ತಾಗಿದ್ದು ಒಡೀತದೆ," ಎಂದರಂತೆ. ಇದು ನನ್ನ ನಾದಿನಿ, ಅಂದರೆ ಅವರ ಕಿರಿಮಗಳು, ಹೇಳಿ ಕೇಳಿದ್ದು. ಅವಳು ಆಗ ಬಸುರಿ. ಅತ್ತೆ ಅವಳ ಹೊಟ್ಟೆ ಮುಟ್ಟಲೂ ಹಿಂಜರಿಯುತ್ತಿದ್ದರಂತೆ. ನಾಲ್ಕನೆಯ ತಿಂಗಳಲ್ಲಿ ಆ ಗರ್ಭ ನಿಲ್ಲಲಿಲ್ಲ.

ಯಾರೂ ಅತ್ತೆಯನ್ನು ಏನೂ ಅನ್ನಲಿಲ್ಲ. ಅನ್ನುವ ಅಗತ್ಯವೇ ಇರಲಿಲ್ಲ. ಅವರು ಮಗಳ ಮನೆಗೆ ಹೋಗುವುದನ್ನೂ ಬಿಟ್ಟರು. ನಾವು ಪ್ರತಿ ಭಾನುವಾರ ವೀಡಿಯೋ ಕರೆ ಮಾಡಿದಾಗ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡುತ್ತಿದ್ದರು. ಹಾಲಿನಿಂದ ಅಲ್ಲ, ಚಳಿಗಾಲದಲ್ಲೇ ಬಿಟ್ಟಿದ್ದ ಬಿರುಕಿನಿಂದ ಒಡೆದಿರಬಹುದು ಎಂದು ನನ್ನ ಹೆಂಡತಿ ಹೇಳಿ ನೋಡಿದಳು.

"ಮೇಷ್ಟ್ರು ಕಲಿತವರು," ಎಂದರು ಅತ್ತೆ. "ಅವರು ಸುಳ್ಳು ಹೇಳ್ತಾರಾ?"

ಮರುವರ್ಷದ ಆ ನವೆಂಬರ್‌ನ ಸಭೆಗೆ ನಮ್ಮನ್ನು ಕರೆದವನೂ ಅವನೇ. ಒಂದು ಒಳ್ಳೆಯ ಕಲ್ಲು ತೋರಿಸುತ್ತೇನೆ, ಬನ್ನಿ, ಎಂದ. ಎರಡು ದಿನ ರಜೆ ಹಾಕಿ ಹೋದೆವು. ಬೇರೆ ಕಣಿವೆಯ ಕೋರೆಯಲ್ಲಿ ಸಿಕ್ಕಿದ್ದು ಎಂದ. ಕಲ್ಲಿನ ಅಂಚುಗಳನ್ನು ಚೌಕ ಮಾಡಿ ಕೊಯ್ದಿದ್ದ. ಪದರ ಕೆರೆದು ಮುಚ್ಚಿಹೋಗಿದ್ದ ಮೂಳೆಗಳನ್ನೆಲ್ಲ ತೆರೆದಿದ್ದ; ಈಗ ಪುಟ್ಟ ಪುಟ್ಟ ಕಾಲುಗಳೂ ಕಾಣುತ್ತಿದ್ದವು. ನಾವು ಗುರುತು ಹಿಡಿಯುತ್ತೇವೆ ಎಂಬ ಅನುಮಾನವೇ ಅವನಿಗೆ ಇರಲಿಲ್ಲ. ಲೋಹದ ಕಲೆಯನ್ನು ಬುಟ್ಟಿಯಲ್ಲಿ ತುಂಬಿ ತಂದವರಲ್ಲವೇ ನಾವು. ಅವನ ಮನೆಯ ದೀಪ ಹಳೆಯ ಸಣ್ಣ ದೀಪವಂತೆ, ಅದರಲ್ಲಿ ಮೂಳೆಯಷ್ಟೇ ಹೊಳೆದಿತ್ತಂತೆ. ಇದನ್ನು ಅವನೇ ಆಮೇಲೆ ಹೇಳಿದ.

ಈಗ ಆ ಕತ್ತಲಿಗೆ ಮರಳುತ್ತೇನೆ. ವಾರ್ನಿಷ್ ಎಂದು ಅವನು ಹೇಳಿದ ಮೇಲೆ ಅಧ್ಯಕ್ಷೆ, "ಸರಿ, ಲೈಟ್ ಹಾಕಿ," ಎಂದರು.

ನಾನು ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿದೆ. "ಹಾಕುವುದಿಲ್ಲ," ಎಂದೆ.

ಯಾರೋ ನಕ್ಕರು. ತಮಾಷೆ ಎಂದುಕೊಂಡಿರಬೇಕು.

"ಆ ಕಲ್ಲು ಎಲ್ಲಿಯದು ಎಂದು ಅವರು ಹೇಳಲಿ. ಆಮೇಲೆ ಹಾಕುತ್ತೇನೆ."

ನನ್ನ ಜರ್ಮನ್ ಅಷ್ಟಕ್ಕಷ್ಟೇ. ಆ ವಾಕ್ಯಗಳನ್ನು ಮಾತ್ರ ತಪ್ಪಿಲ್ಲದೆ ಹೇಳಿದೆ. ನನ್ನ ಹೆಂಡತಿ ನೇರ ಮೇಜಿನ ಹತ್ತಿರ ಹೋಗಿ, ಫೋನಿನಲ್ಲಿ ಆ ಹಬ್ಬದ ಫೋಟೋ ತೆರೆದು ಕಲ್ಲಿನ ಪಕ್ಕ ಹಿಡಿದಳು. ಅಧ್ಯಕ್ಷೆ ಬಗ್ಗಿದರು. ಫೋಟೋದ ಮೇಲೆ ಒಂದು ಬೆರಳು, ಕಲ್ಲಿನ ಮೇಲೆ ಒಂದು ಬೆರಳು ಇಟ್ಟು, ತಲೆಯಿಂದ ಬಾಲದ ಕಡೆಗೆ ಬೊಟ್ಟು ಬೊಟ್ಟಾಗಿ ಸರಿದರು. ಬಿರುಕು ಇದ್ದ ಕಡೆ ಎರಡು ಬೆರಳೂ ಒಟ್ಟಿಗೆ ನಿಂತವು.

"ಇದು ಯಾವ ಪದಾರ್ಥ?" ಎಂದು ಕೇಳಿದರು.

"ಕುರ್ಕುಮಾ," ಎಂದಳು ನನ್ನ ಹೆಂಡತಿ, ಅದು ಅರಿಶಿನಕ್ಕೆ ಜರ್ಮನ್ ಹೆಸರು. "ನನ್ನ ತಾಯಿ ಹಚ್ಚಿದ್ದು. ಒಡೆದು ಪುಡಿಯಾಯಿತು ಎಂದು ಇವರು ಹೇಳಿದ ಕಲ್ಲಿಗೆ. ನನ್ನ ತಾಯಿ ಎರೆದ ಹಾಲಿನಿಂದ."

"ಹಾಲಿನಿಂದ?" ಅಧ್ಯಕ್ಷೆ ತಲೆ ಎತ್ತಿ ಅವನ ಕಡೆ ತಿರುಗಿದರು. ಅವರು ಕಲ್ಲುಗಳನ್ನು ಶುದ್ಧಮಾಡುವ ಕೆಲಸದಲ್ಲೇ ಜೀವಮಾನ ಕಳೆದವರು. "ಹಸಿ ಹಾಲಿಗಿಂತ ಮಳೆನೀರಿನಲ್ಲೇ ಹುಳಿ ಹೆಚ್ಚು. ಇದನ್ನು ನೀವು ಇವರಿಗೆ ಹೇಳಿದ್ರಾ? ನೀವು?"

ನನ್ನ ಪಕ್ಕ, ಕೋಟುಗಳ ಹತ್ತಿರದಿಂದ ಹಾಲಿನ ನೆರೆಯವಳ ದನಿ ಬಂತು. ನಮ್ಮ ಕಾರಿನಲ್ಲೇ ಬಂದಿದ್ದಳು. "ಆ ಬುಧವಾರ ಬಂಡೆಯ ಮೇಲೆ ಕಲ್ಲು ಕೊಯ್ಯುವ ಯಂತ್ರದ ಸದ್ದು ಕೇಳಿಸ್ತು. ಇವರ ಗಾಡಿ ಕೆಳಗೆ ನಿಂತಿತ್ತು. ನೀವೇ ಹೇಳಿ ಕೊಯ್ಯಿಸ್ತಿದ್ದೀರಿ ಅಂದ್ಕೊಂಡೆ. ಕೇಳಬೇಕು ಅಂತಲೂ ಅನ್ನಿಸಲಿಲ್ಲ."

ಕತ್ತಲಲ್ಲಿ ಅವನ ಮುಖ ಕಾಣುತ್ತಿರಲಿಲ್ಲ. ಅಂಗಿಯ ಕಾಲರು ಮಾತ್ರ ಆ ದೀಪಕ್ಕೆ ನೀಲಿಯಾಗಿ ಹೊಳೆಯುತ್ತಿತ್ತು, ಅದು ಮೇಲೆ ಕೆಳಗೆ ಹೋಗುತ್ತಿತ್ತು. "ಉಳಿಸಬೇಕಿತ್ತು," ಎಂದ ಕೊನೆಗೆ. "ನಿಮ್ಮ ಕೈಯಲ್ಲಿ ಅದು ಉಳಿಯುತ್ತಿರಲಿಲ್ಲ. ನಾನು ಅದನ್ನು ಉಳಿಸಿದೆ."

ಆಗ ದೀಪ ಹಾಕಿದೆ. ಎಲ್ಲರೂ ಅವನ ಮುಖ ನೋಡಲಿ ಎಂದು ಹಾಕಿದೆ. ಬಹುವಚನವನ್ನು ಆ ಕ್ಷಣದಿಂದ ಬಿಟ್ಟೆ.

ಅವನು ಮರುದಿನ ಮಧ್ಯಾಹ್ನ ಕಲ್ಲನ್ನು ಕಂಬಳಿಯಲ್ಲಿ ಸುತ್ತಿ, ಗಾಡಿಯಲ್ಲಿ ಹಾಕಿಕೊಂಡು ನಮ್ಮ ಅಂಗಳಕ್ಕೆ ಬಂದ. ಇಲ್ಲಿಗೇ ಮುಗಿಸೋಣ, ಪೊಲೀಸು ಬೇಡ, ಸಂಘಕ್ಕೂ ಏನೋ ತಿಳಿವಳಿಕೆ ತಪ್ಪಾಯಿತು ಎಂದು ಹೇಳೋಣ ಎಂದ. ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬನ್ನಿ ಎನ್ನಲಿಲ್ಲ. ಅವನು ಅಡಿಗೆಮನೆಯ ಕಿಟಕಿಯ ಕಡೆ ಒಮ್ಮೆ ನೋಡಿದ. ಬಂದವನಿಗೆ ಒಂದು ಲೋಟ ನೀರನ್ನೂ ಕೊಡದೆ ಅಂಗಳದಲ್ಲಿ ನಿಲ್ಲಿಸಿದ್ದು ನಮ್ಮ ಜೀವನದಲ್ಲಿ ಅದೊಂದೇ ಸಲ, ಬೇಕೆಂದೇ ನಿಲ್ಲಿಸಿದ್ದು.

"ಮೊದಲು ಅವರಿಗೆ ಹೇಳಿ," ಎಂದೆ. ಅತ್ತೆಗೆ ವೀಡಿಯೋ ಕರೆ ಹಚ್ಚಿದೆ.

ಊರಲ್ಲಿ ಆಗ ಸಂಜೆ. ಅತ್ತೆ ಕನ್ನಡಕ ಹಾಕಿಕೊಂಡು ಪರದೆಗೆ ಹತ್ತಿರ ಬಂದರು. "ಇದು ಮೇಷ್ಟ್ರಲ್ವಾ? ಊಟ ಆಯ್ತಾ ಕೇಳು."

"ಅವನು ನಿಮಗೆ ಒಂದು ವಿಷಯ ಹೇಳ್ಲಿಕ್ಕುಂಟು ಅತ್ತೆ."

ಅವನು ಶುರುಮಾಡಿದ. ಸಂದರ್ಭ ಹಾಗಿತ್ತು, ಭಾಷೆಯ ತೊಡಕು, ವಿಜ್ಞಾನದ ಹಿತ. "ಅದಲ್ಲ," ಎಂದು ನಾನು ತಡೆದೆ. ಹೇಳಬೇಕಾದದ್ದನ್ನು ನಾನೇ ಜೋಡಿಸಿಕೊಟ್ಟೆ. ಅವನು ಹೇಳಿದ, ನಾನು ಕನ್ನಡಕ್ಕೆ ತಂದೆ: ಕಲ್ಲು ಒಡೆಯಲಿಲ್ಲ. ನಾನು ಕೊಯ್ದುಕೊಂಡು ಹೋದೆ. ನಿಮ್ಮ ಹಾಲಿನಿಂದ ಏನೂ ಆಗಲಿಲ್ಲ. ನಿಮ್ಮ ಕೈಯಲ್ಲಿಟ್ಟ ಚೂರು ಬೇರೆಯದು. ನಾನು ಸುಳ್ಳು ಹೇಳಿದೆ.

ಅತ್ತೆ ಪರದೆಗೆ ಇನ್ನಷ್ಟು ಬಗ್ಗಿದರು. ಆಮೇಲೆ, "ಇನ್ನೊಮ್ಮೆ ಹೇಳ್ಲಿಕ್ಕೆ ಹೇಳು," ಎಂದರು.

ಅವನು ಇನ್ನೊಮ್ಮೆ ಹೇಳಿದ.

"ಎಂಥದು, ಬೆಕ್ಕಿನ ಹಾಗೆ ಹೇಳ್ತಾನೆ. ಶಾಲೆಯಲ್ಲಿ ಹೀಗೇ ಪಾಠ ಮಾಡ್ತಿದ್ದನಾ? ಗಟ್ಟಿ ಹೇಳ್ಲಿ."

ಗಟ್ಟಿಯಾಗಿ ಹೇಳಿದ. ನದಿಯಾಚೆ ಹುಲ್ಲು ಹಾಕುತ್ತಿದ್ದ ನೆರೆಯವಳು ಕೈ ನಿಲ್ಲಿಸಿ ನೋಡಿದಳು.

"ಕಲ್ಲು ತೋರಿಸು," ಎಂದರು ಅತ್ತೆ. ನನ್ನ ಹೆಂಡತಿ ಗಾಡಿಯ ಹಿಂಬಾಗಿಲು ತೆಗೆದು ಕಂಬಳಿ ಸರಿಸಿದಳು. ಅತ್ತೆ ತುಂಬ ಹೊತ್ತು ನೋಡಿದರು. "ನಿಲ್ಲು. ಚಿಕ್ಕವಳನ್ನು ಕರೀತೇನೆ. ಅವಳೆದುರು ಹೇಳ್ಲಿ. ಅವನಿಗೆ ಕೂರ್ಲಿಕ್ಕೆ ಕೊಡ್ಬೇಡ."

ನಾದಿನಿ ಬೇರೆ ಊರಲ್ಲಿದ್ದಳು. ಅವಳನ್ನು ಆ ಕರೆಗೆ ಸೇರಿಸುವವರೆಗೆ ಅವನು ಅಂಗಳದಲ್ಲಿ ನಿಂತ. ತುಂತುರು ಬೀಳುತ್ತಿತ್ತು. "ಎಷ್ಟು ಸಲ?" ಎಂದು ನನ್ನನ್ನು ಕೇಳಿದ. "ಅವರಿಗೆ ಸಾಕಾಗುವವರೆಗೆ," ಎಂದೆ. ಅವನಿಗೆ ಎಪ್ಪತ್ತು ದಾಟಿತ್ತು. ಅವನ ಟೋಪಿ ಒದ್ದೆಯಾಗುವುದನ್ನು ನಾನು ನೋಡುತ್ತಾ ನಿಂತೆ. ನನಗೆ ಆಗ ಕನಿಕರ ಬರಲಿಲ್ಲ, ಈಗಲೂ ಬರುವುದಿಲ್ಲ.

ನಾದಿನಿಯ ಮುಖ ಪರದೆಗೆ ಬಂತು. ಅವನು ಮತ್ತೆ ಅಷ್ಟನ್ನೂ ಹೇಳಿದ. ಅವಳು ಅವನ ಕಡೆ ನೋಡಲೇ ಇಲ್ಲ, ತಾಯಿಯ ಕಡೆಯೇ ನೋಡುತ್ತಿದ್ದಳು.

ಅತ್ತೆ ನನ್ನನ್ನು ಕೇಳಿದರು, "ಹಾಗಾದ್ರೆ ಒಡೀಲಿಲ್ಲ?"

"ಇಲ್ಲ ಅತ್ತೆ. ಇಲ್ಲೇ ಉಂಟಲ್ಲ."

"ಮತ್ತೆ ಇವಳಿಗೆ ಯಾಕೆ ಹಾಗಾಯ್ತು?"

ನನ್ನ ಹೆಂಡತಿ ಮುಖ ಆಚೆ ತಿರುಗಿಸಿದಳು. ನಾದಿನಿಯೇ ಹೇಳಿದಳು, "ಸುಮ್ನೆ ಆಯ್ತಮ್ಮ. ಯಾರೂ ಏನೂ ಮಾಡದೆಯೂ ಆಗ್ತದೆ. ಡಾಕ್ಟ್ರು ಅವತ್ತೇ ಹೇಳಿದ್ರು, ನೀನು ಕೇಳ್ಲಿಲ್ಲ. ನಾಳೆ ಬಾ. ನನ್ನ ತಲೆಗೆ ಎಣ್ಣೆ ಹಾಕದೆ ಒಂದು ವರ್ಷ ಆಯ್ತು."

"ಬಸ್ಸು ಎಷ್ಟು ಗಂಟೆಗುಂಟು?" ಎಂದರು ಅತ್ತೆ. ಸೆರಗಿನಿಂದ ಕೈ ತೆಗೆದು ಕಣ್ಣೊರೆಸಿಕೊಂಡರು. ಅವನಿಗೆ ಏನು ಹೇಳಲಿ ಎಂದು ನಾನು ಕೇಳಿದೆ. "ಎಂಥದೂ ಬೇಡ. ಕಲ್ಲು ಇಳಿಸಿ ಹೋಗ್ಲಿ."

ಇಳಿಸಿ ಹೋದ. ನಾನು ಅದೇ ವಾರ ಪೊಲೀಸರಿಗೆ ದೂರು ಕೊಟ್ಟೆ. ಕೊಡುವುದಿಲ್ಲ ಎಂದು ಅವನಿಗೆ ಎಲ್ಲೂ ಮಾತು ಕೊಟ್ಟಿರಲಿಲ್ಲ. ಅವನಿಗೆ ಶಿಕ್ಷೆಯಾಯಿತು, ಸಣ್ಣದು. ಸಂಘದವರು ಸದಸ್ಯತ್ವ ಬಿಡುವಂತೆ ಅವನಿಗೆ ಹೇಳಿದರು. ಅವನು ಬೇಕರಿಯಲ್ಲಿ ಎದುರಾದಾಗಲೆಲ್ಲ ನಾನು ಸಾಲಿನಲ್ಲಿ ಅವನ ಹಿಂದೆಯೇ ನಿಲ್ಲುತ್ತಿದ್ದೆ. ಬೇಕೆಂದೇ, ಮಾತಾಡದೆ, ಅವನು ಹೊರಗೆ ಹೋಗುವವರೆಗೆ. ಅವನು ಪಕ್ಕದ ಊರಿನ ಬೇಕರಿಗೆ ಹೋಗಲು ಶುರುಮಾಡಿದ.

ಅವನು ತೀರಿಕೊಂಡ ಮೇಲೆ ಊರಿನ ಪತ್ರಿಕೆಯಲ್ಲಿ ಒಂದು ಬರಹ ಬಂತು. ನಮ್ಮ ಬಂಡೆಯ ಆ ಕಲ್ಲನ್ನು ಅವನು ನಾಶದಿಂದ ಪಾರುಮಾಡಿದ ಎಂದು ಅದರಲ್ಲಿತ್ತು. ಹೊರದೇಶದ ಮಾಲೀಕರ ಪೂಜೆಪುನಸ್ಕಾರಕ್ಕೆ ಬಲಿಯಾಗಬೇಕಿದ್ದ ಕಲ್ಲು, ಎಂದು. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ತಪ್ಪು ಹೇಳಿದ್ದರೆ ತಿದ್ದಲು ಜನ ಇದ್ದಾರೆ. ಕೈಯಲ್ಲಿ ದೀಪ ಹಿಡಿದಿದ್ದ ಅಧ್ಯಕ್ಷೆ ಇದ್ದಾರೆ. ಅವರಿಗೆ ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ಗಾಡಿಯನ್ನು ಕಂಡ, ಕೊಯ್ಯುವ ಸದ್ದು ಕೇಳಿದ ಹಾಲಿನ ನೆರೆಯವಳು ಇದ್ದಾಳೆ, ನದಿಯಾಚೆ ಅದೇ ಮನೆಯಲ್ಲಿ. ಅಂಗಳದಲ್ಲಿ ಅವನು ಹೇಳಿದ ಮಾತನ್ನು ಕೇಳಿದ ನನ್ನ ನಾದಿನಿ ಇದ್ದಾಳೆ. ಫೋಟೋ ತೆಗೆದ ನನ್ನ ಹೆಂಡತಿ ಇದ್ದಾಳೆ. ಆ ಕಲ್ಲನ್ನು ಎಲ್ಲರಿಗಿಂತ ಮೊದಲು ಕಂಡ ನನ್ನ ಅತ್ತೆ ಇದ್ದಾರೆ.